ಸಿಗರೇಟು ಬಿಟ್ಟು ಎಂಟು ವಾರ. ಇ-ಸಿಗರೇಟು ಇನ್ನೂ ಒಗ್ಗಿಲ್ಲ, ಆಗಸ್ಟ್‌ನಲ್ಲಿ ಊರಿಗೆ ಹೊರಡಬೇಕು

ಹೊಗೆಸೊಪ್ಪಿನೂರು (ರೆಡಿಂಗ್, ಇಂಗ್ಲೆಂಡ್), 14 ಜೂನ್ 2025

ಈ ವೇದಿಕೆಯ ಎಲ್ಲರಿಗೂ ನಮಸ್ಕಾರ. ನಮ್ಮದು ಹೊಗೆಸೊಪ್ಪು ಬೆಳೆಯುವ ಪಿರಿಯಾಪಟ್ಟಣ ತಾಲ್ಲೂಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಿಡಿದ ಸಿಗರೇಟನ್ನು ನಲವತ್ತೊಂದರಲ್ಲಿ, ಈ ಏಪ್ರಿಲ್ 21ರ ರಾತ್ರಿ ಬಿಟ್ಟೆ. ದಿನಕ್ಕೆ ಹದಿನೆಂಟು ಸೇದುತ್ತಿದ್ದೆ, ಕೆಲಸದ ಒತ್ತಡ ಬಿದ್ದರೆ ಇಪ್ಪತ್ತೆರಡು. ಇಲ್ಲಿನ ಧೂಮಪಾನ ಬಿಡಿಸುವ ಸರ್ಕಾರಿ ಸೇವೆಗೆ ಹೆಸರು ಕೊಟ್ಟಿದ್ದೆ. ಮೊದಲ ದಿನ ಒಂದು ಸಣ್ಣ ಯಂತ್ರಕ್ಕೆ ಊದಿಸಿದರು. ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ 23 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 23) ಇತ್ತು. ಸೇದದವರಲ್ಲಿ ಅದು 10ಕ್ಕಿಂತ ಕೆಳಗೆ ಇರುತ್ತದೆ. ಬಿಟ್ಟ ಒಂದು ವಾರಕ್ಕೆ ಮತ್ತೆ ಊದಿದಾಗ 2 ಎಂದು ತೋರಿಸಿತು. ಆ ಅಂಕಿ ನೋಡಿ ಅಲ್ಲೇ ಕುಳಿತು ಅತ್ತುಬಿಟ್ಟೆ. ಮಗಳಿಗೆ ಈಗ ನಾಲ್ಕು ವರ್ಷ.

ಅಂದಿನಿಂದ ಒಂದೇ ಒಂದು ಸಿಗರೇಟು ಮುಟ್ಟಿಲ್ಲ. ಆದರೆ ಅದರ ಜಾಗಕ್ಕೆ ಬಂದ ಇ-ಸಿಗರೇಟಿನ ಜೊತೆ ಬಾಳುವೆ ಕೂಡಿಬರುತ್ತಿಲ್ಲ. ಮೊದಲ ಐದು ವಾರ ಬಳಸಿ ಎಸೆಯುವ ವೇಪ್ (ಇ-ಸಿಗರೇಟಿಗೆ ಇಲ್ಲಿನ ಹೆಸರು) ಹಿಡಿದಿದ್ದೆ. ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟ ನಿಂತಿತು. ಅಂಗಡಿಯವರು ದ್ರವ ತುಂಬಿಸಿ ಮತ್ತೆ ಮತ್ತೆ ಬಳಸುವ ಪಾಡ್ ಎಂಬ ಯಂತ್ರ ಒಂದನ್ನು ಕೊಟ್ಟು, ಮಿಲಿಲೀಟರಿಗೆ 20 ಮಿಲಿಗ್ರಾಂನ ನಿಕೋಟಿನ್ ಸಾಲ್ಟ್ ದ್ರವದ ಬಾಟಲಿ ಕೈಗಿತ್ತು ಕಳುಹಿಸಿದರು. ಎಳೆದರೆ ಕೆಮ್ಮು. ಕೆಲವೊಮ್ಮೆ ಬಿಸಿ ಹನಿ ನಾಲಿಗೆಗೆ ಸಿಡಿಯುತ್ತದೆ. ದ್ರವವನ್ನು ಬಿಸಿ ಮಾಡುವ ತಂತಿಸುರುಳಿಗಳು, ಅಂದರೆ ಕಾಯಿಲ್, ಎರಡು ಸುಟ್ಟುಹೋದವು, ಆ ಸುಟ್ಟ ರುಚಿ ಅರ್ಧ ದಿನ ಬಾಯಿ ಬಿಡಲಿಲ್ಲ. ಎಷ್ಟು ಎಳೆದರೂ ಸೇದಿದೆ ಎಂಬ ತೃಪ್ತಿ ಇಲ್ಲ. ಹಾಗಾಗಿ ಅದು ದಿನವಿಡೀ ಅಂಗೈಯಲ್ಲೇ ಇರುತ್ತದೆ. ಸಿಗರೇಟಿಗಾದರೂ ಹೊರಗೆ ಹೋಗಿ ನಿಲ್ಲಬೇಕಿತ್ತು, ಇದು ಮೇಜಿನ ಮೇಲೆ, ಕಾರಿನಲ್ಲಿ, ಹಾಸಿಗೆಯ ಪಕ್ಕದಲ್ಲಿ, ಎಲ್ಲೆಲ್ಲೂ ಇದೆ.

ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ತೊಳಸುತ್ತದೆ, ತಲೆ ಹಗುರಾಗುತ್ತದೆ. ಈ ಅನುಭವ ನನಗೆ ಹೊಸದಲ್ಲ ಎಂಬುದೇ ನನ್ನನ್ನು ಕಂಗೆಡಿಸಿದೆ. ಚಿಕ್ಕಂದಿನಲ್ಲಿ ಹೊಗೆಸೊಪ್ಪು ಮುರಿಯುವ ಕಾಲಕ್ಕೆ ಬೆಳಗಿನ ತೇವದಲ್ಲೇ ಹೊಲಕ್ಕಿಳಿಯುತ್ತಿದ್ದೆವು. ಒದ್ದೆ ಎಲೆಯನ್ನು ಕಂಕುಳಲ್ಲಿ ಒತ್ತಿಕೊಂಡು ತಂದು ಬ್ಯಾರನ್ (ಎಲೆ ಬೇಯಿಸಿ ಹದ ಮಾಡುವ ಮನೆ) ಮುಂದೆ ರಾಶಿ ಹಾಕುವಷ್ಟರಲ್ಲಿ ನನಗೂ ಅಮ್ಮನಿಗೂ ಇದೇ ಸಂಕಟ. ಅಮ್ಮ ಬದುವಿನ ಮೇಲೆ ಕುಳಿತು ವಾಂತಿ ಮಾಡಿಕೊಂಡು, ಬಾಯಿ ತೊಳೆದು ಮತ್ತೆ ಸಾಲಿಗೆ ಇಳಿಯುತ್ತಿದ್ದಳು. ಮೂವತ್ತು ವರ್ಷಗಳ ನಂತರ, ಎಲೆಯೂ ಇಲ್ಲದ ಹೊಗೆಯೂ ಇಲ್ಲದ ಒಂದು ಪ್ಲಾಸ್ಟಿಕ್ ಕೊಳವೆಯಿಂದ ಅದೇ ಸಂಕಟ ಬರುತ್ತಿದೆ.

ಇನ್ನೊಂದು ಚಿಂತೆ ಇದೆ. ಆಗಸ್ಟ್‌ನಲ್ಲಿ ಅಕ್ಕನ ಮಗಳ ಮದುವೆ, ಮೂರು ವಾರ ಊರಿನಲ್ಲಿರುತ್ತೇನೆ. ಭಾರತದಲ್ಲಿ ಇ-ಸಿಗರೇಟು ನಿಷೇಧ. ಊರಿನಲ್ಲಿ ಸಿಗರೇಟು ಹತ್ತು ಹೆಜ್ಜೆಗೊಂದು ಗೂಡಂಗಡಿಯಲ್ಲಿ ಸಿಗುತ್ತದೆ. ಈ ದಾರಿ ನಡೆದವರು ದಯವಿಟ್ಟು ಹೇಳಿ.

ಮಳೆಯೂರು (ಮ್ಯಾಂಚೆಸ್ಟರ್), 14 ಜೂನ್

ಮೊದಲಿಗೆ, ಐವತ್ತನಾಲ್ಕು ದಿನಕ್ಕೆ ನಿಮ್ಮ ಬೆನ್ನು ತಟ್ಟುತ್ತೇನೆ ಸರ್. ನಾನು 2022ರಲ್ಲಿ ಬಿಟ್ಟವನು, ನನಗೂ ಮೊದಲ ಮೂರು ತಿಂಗಳು ಹೀಗೇ ಇತ್ತು.

ಕೆಮ್ಮು ಮತ್ತು ಸಿಡಿತಕ್ಕೆ ಕಾರಣ ಬಹುಪಾಲು ಎಳೆಯುವ ರೀತಿ. ಸಿಗರೇಟನ್ನು ನಾವು ಚುಟುಕಾಗಿ, ಜೋರಾಗಿ ಎಳೆಯುತ್ತೇವೆ. ಪಾಡನ್ನು ಹಾಗೆ ಎಳೆದರೆ ಬಿಸಿಯಾಗುವ ತಂತಿಯ ಮೇಲೆ ದ್ರವ ತುಂಬಿ ಮುಳುಗುತ್ತದೆ, ಆಗಲೇ ಹನಿ ಸಿಡಿಯುವುದು. ಬಿಸಿ ಬಾದಾಮಿ ಹಾಲನ್ನು ತುಟಿ ಸುಡದ ಹಾಗೆ ಹೀರುತ್ತೇವಲ್ಲ, ಆ ನಿಧಾನ ಇರಲಿ. ಮೂರು ನಾಲ್ಕು ಸೆಕೆಂಡು ಬಾಯಿಗೆ ಎಳೆದುಕೊಳ್ಳಿ, ಆಮೇಲೆ ಒಳಗೆ ಬಿಡಿ. ನೇರ ಶ್ವಾಸಕೋಶಕ್ಕೆ ಎಳೆಯುವ ದೊಡ್ಡ ಯಂತ್ರಗಳು ಬೇರೆ ಇವೆ. ಅವುಗಳ ಕಾಯಿಲ್‌ನ ವಿದ್ಯುತ್ ರೋಧ ಅರ್ಧ ಓಮ್‌ಗೂ ಕಡಿಮೆ, ದ್ರವ ಗಟ್ಟಿ, ನಿಕೋಟಿನ್ 3 ಅಥವಾ 6 ಮಿ.ಗ್ರಾಂ. ಅಂಥದ್ದರಲ್ಲಿ 20ರ ಸಾಲ್ಟ್ ಹಾಕಿದರೆ ತಲೆ ತಿರುಗಿ ಬೀಳುವುದೇ ಸರಿ. ನಿಮ್ಮ ಪಾಡಿನ ಕಾಯಿಲ್ ಮೇಲೆ ಏನು ಬರೆದಿದೆ ನೋಡಿ. 0.8ರಿಂದ 1.2 ಓಮ್ ಇದ್ದರೆ ಸಿಗರೇಟು ಸೇದಿ ಬಂದವರಿಗೆ ಹೊಂದುತ್ತದೆ.

ಹೊಸ ಕಾಯಿಲ್ ಹಾಕಿ ದ್ರವ ತುಂಬಿದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಒಳಗಿನ ಹತ್ತಿ ನೆನೆಯಬೇಕು. ಒಣ ಹತ್ತಿಯ ಮೇಲೆ ಬಿಸಿ ತಂತಿ ಬಿದ್ದರೆ ಒಂದೇ ಎಳೆತಕ್ಕೆ ಕರಕಲು, ಆಮೇಲೆ ಆ ಕಾಯಿಲ್‌ಗೆ ಉಳಿಗಾಲವಿಲ್ಲ. ಸುಟ್ಟ ರುಚಿ ಬಂದ ಕ್ಷಣ ನಿಲ್ಲಿಸಿ. ಅತಿ ಬಿಸಿಯಲ್ಲೇ ಫಾರ್ಮಾಲ್ಡಿಹೈಡ್‌ನಂಥ ವಿಷಗಳು ಹೆಚ್ಚು ಹುಟ್ಟುವುದು, ‘ಇನ್ನೆರಡು ಎಳೆದು ನೋಡೋಣ’ ಎನ್ನಬಾರದು. ತುಂಬ ಸಿಹಿ ಇರುವ ದ್ರವ ಕಾಯಿಲ್ ಮೇಲೆ ಪಾಕದ ಹಾಗೆ ಹತ್ತಿಕೊಳ್ಳುತ್ತದೆ, ಪುದೀನ ಅಥವಾ ತಂಬಾಕಿನ ರುಚಿಯದ್ದು ಎರಡು ವಾರ ಬಾಳುತ್ತದೆ. ನೀರು ಹೆಚ್ಚು ಕುಡಿಯಿರಿ, ಈ ದ್ರವ ಬಾಯಿಯ ಪಸೆಯನ್ನು ಎಳೆದುಕೊಳ್ಳುತ್ತದೆ.

ಇನ್ನು ತೃಪ್ತಿಯ ಮಾತು. ಇದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಸಿಗರೇಟು ಉರಿದು ಮುಗಿಯುತ್ತದೆ. ಐದಾರು ನಿಮಿಷಕ್ಕೆ ಬೆರಳಿಗೆ ಬಿಸಿ ತಾಗಿ ‘ಸಾಕು’ ಎನ್ನುವುದು ಅದೇ, ನಾವಲ್ಲ. ವೇಪ್‌ಗೆ ಮುಗಿಯುವ ಗುಣವೇ ಇಲ್ಲ. ಇಪ್ಪತ್ತೆರಡು ವರ್ಷ ನಿಮಗೆ ‘ಸಾಕು’ ಎಂದು ಹೇಳಿಕೊಟ್ಟಿದ್ದು ಕಾಗದದ ಉದ್ದ. ಈಗ ಆ ಕೆಲಸ ನಿಮ್ಮದು. ನಾನು ಅದನ್ನು ಬಾಗಿಲ ಬಳಿಯ ಕಪಾಟಿನಲ್ಲಿ ಇಟ್ಟೆ. ಬೇಕೆನಿಸಿದರೆ ಎದ್ದು ಹೋಗಿ, ನಿಂತು, ಹನ್ನೆರಡು ಬಾರಿ ಎಳೆದು, ಅಲ್ಲೇ ಇಟ್ಟು ಬರುವುದು. ಹಾಸಿಗೆಯ ಹತ್ತಿರ, ಕಾರಿನಲ್ಲಿ ಇಲ್ಲ. ಮೊದಲ ನಾಲ್ಕು ದಿನ ಹಿಂಸೆ ಅನಿಸಿತು. ಆಮೇಲೆ ಅದು ಸಿಗರೇಟಿನ ಹಾಗೆ ಹೊತ್ತಿಗೊಮ್ಮೆ ಬರುವ ವಸ್ತುವಾಯಿತು.

ಔಷಧಾಲಯದಿಂದ (ಬರ್ಮಿಂಗ್‌ಹ್ಯಾಮ್), 15 ಜೂನ್

ನಾನು ಫಾರ್ಮಸಿಸ್ಟ್, ಮೂಲ ಸಾಗರ. ಮಳೆಯೂರು ಅವರು ಯಂತ್ರದ ಬಗ್ಗೆ ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ದೇಹದ ವಿಷಯ ನಾನು ಸೇರಿಸುತ್ತೇನೆ.

ಹೊಗೆಸೊಪ್ಪಿನೂರು ಅಣ್ಣ, ನಿಮ್ಮ ಅಮ್ಮನಿಗೆ ಬರುತ್ತಿದ್ದ ಸಂಕಟಕ್ಕೂ ನಿಮ್ಮ ಮಧ್ಯಾಹ್ನದ ಸಂಕಟಕ್ಕೂ ಕಾರಣ ಒಂದೇ ಇರಬಹುದು: ಬೇಕಾದ್ದಕ್ಕಿಂತ ಹೆಚ್ಚು ನಿಕೋಟಿನ್. ಹೊಲದಲ್ಲಿ ಒದ್ದೆ ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ವೈದ್ಯಕೀಯದಲ್ಲಿ ಅದನ್ನು ಹಸಿ ತಂಬಾಕಿನ ಕಾಯಿಲೆ ಎಂದೇ ಗುರುತಿಸಿದ್ದಾರೆ. ನಿಮ್ಮದರಲ್ಲಿ ಬಾಯಿ, ಗಂಟಲು, ಶ್ವಾಸಕೋಶದ ಮೂಲಕ. ಬ್ರಿಟನ್ನಿನ ಕಾನೂನಿನಲ್ಲಿ ಮಿಲಿಲೀಟರಿಗೆ 20 ಮಿ.ಗ್ರಾಂ ಎಂಬುದು ಗರಿಷ್ಠ ಮಿತಿ. ಅದನ್ನು ದಿನವಿಡೀ ಅಂಗೈಯಲ್ಲಿಟ್ಟುಕೊಂಡರೆ ತಲೆ ಹಗುರಾಗುವುದು, ಓಕರಿಕೆ, ಎದೆ ಬಡಿತ ಬರುವುದು ಸಹಜ. ಹಾಗೆಂದು ಒಮ್ಮೆಗೇ 10ಕ್ಕೆ ಇಳಿಯಬೇಡಿ. ಮೊದಲು ಎಳೆಯುವ ಹೊತ್ತನ್ನು ಕಟ್ಟಿ, ಹೊಟ್ಟೆ ತೊಳಸುವುದು ನಿಂತಿತೇ ನೋಡಿ. ಆಮೇಲೆ 20ರದ್ದು ಅರ್ಧ, 10ರದ್ದು ಅರ್ಧ ಬೆರೆಸಿದರೆ 15 ಆಗುತ್ತದೆ, ಒಂದೇ ಕಂಪನಿಯ ಒಂದೇ ರುಚಿಯದ್ದಾದರೆ ಒಳ್ಳೆಯದು. ಶಕ್ತಿ ತಗ್ಗಿಸಿದಾಗ ಕೈ ತಾನಾಗಿ ಹೆಚ್ಚು ಎಳೆಯಲು ಹೋಗುತ್ತದೆ, ಎರಡು ವಾರ ಅದರ ಮೇಲೆ ಕಣ್ಣಿಡಿ.

ಕೆಮ್ಮೆಲ್ಲ ವೇಪ್‌ನದೇ ಅಲ್ಲ. ಸಿಗರೇಟು ಬಿಟ್ಟ ಮೇಲೆ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಇಳಿದು ಹಳೆಯ ಕಫವನ್ನು ಮೇಲೆ ತಳ್ಳುತ್ತವೆ. ಮೂರು ವಾರಕ್ಕಿಂತ ಹೆಚ್ಚು ಎಳೆದರೆ ಅಥವಾ ರಕ್ತ ಕಂಡರೆ ಡಾಕ್ಟರ ಬಳಿ ಹೋಗಿ, ಅದರಲ್ಲಿ ಸಂಕೋಚ ಬೇಡ.

ಒಂದು ಪ್ರಶ್ನೆ: ನಿಮಗೆ ನಿದ್ರೆ ಹೇಗೆ ಬರುತ್ತಿದೆ? ದಿನಕ್ಕೆ ಎಷ್ಟು ಕಾಫಿ?

ಹೊಗೆಸೊಪ್ಪಿನೂರು, 15 ಜೂನ್

ನಿದ್ರೆ ಹಾಳಾಗಿದೆ. ಎರಡು ಗಂಟೆಗೆ ಎಚ್ಚರವಾಗುತ್ತದೆ, ಕೈ ಸಣ್ಣಗೆ ನಡುಗುತ್ತದೆ. ಅದನ್ನೂ ವೇಪ್‌ನ ಲೆಕ್ಕಕ್ಕೇ ಹಾಕಿದ್ದೆ. ಕಾಫಿ ಐದು ಲೋಟ, ಊರಿನಿಂದ ತರಿಸಿದ ಪುಡಿಯ ಫಿಲ್ಟರ್ ಕಾಫಿ. ಮೊದಲಿನಿಂದಲೂ ಅಷ್ಟೇ.

ಔಷಧಾಲಯದಿಂದ, 15 ಜೂನ್

ಅಲ್ಲೇ ಇದೆ ಅಣ್ಣ. ಲೋಟ ಅಷ್ಟೇ, ಒಳಗೆ ಉಳಿಯುವ ಕೆಫೀನ್ ಅಷ್ಟೇ ಅಲ್ಲ. ತಂಬಾಕು ಉರಿದಾಗ ಬರುವ ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಕೆಫೀನನ್ನು ಕರಗಿಸಿ ಹೊರಹಾಕುವುದು ಅದೇ ಕಿಣ್ವ. ಇಷ್ಟು ವರ್ಷ ನಿಮ್ಮ ದೇಹ ಕಾಫಿಯನ್ನು ಸೇದದವರಿಗಿಂತ ಬಹಳ ಬೇಗ ಖಾಲಿ ಮಾಡುತ್ತಿತ್ತು. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿಯಿತು. ನಿಕೋಟಿನ್‌ಗೆ ಈ ಗುಣ ಇಲ್ಲ, ಹೊಗೆಗೆ ಮಾತ್ರ ಇದೆ. ಆದ್ದರಿಂದ ವೇಪ್‌ಗೆ ಬದಲಾದರೂ ಇದು ಆಗಿಯೇ ಆಗುತ್ತದೆ. ಎದೆ ಡವಗುಟ್ಟುವುದು, ಕೈ ನಡುಕ, ನಿದ್ರೆ ಬಾರದಿರುವುದನ್ನು ಜನ ‘ಸಿಗರೇಟು ಬಿಟ್ಟಿದ್ದರಿಂದ ಬಂದ ಚಡಪಡಿಕೆ’ ಎಂದುಕೊಂಡು ಮತ್ತೆ ಸಿಗರೇಟು ಹಚ್ಚುತ್ತಾರೆ. ಹಚ್ಚಲೇಬೇಕಾಗಿಲ್ಲ, ಕಾಫಿಯನ್ನು ಅರ್ಧಕ್ಕೆ ಇಳಿಸಿದರೆ ಸಾಕು. ಸಂಜೆ ನಾಲ್ಕರ ಮೇಲೆ ಬೇಡ.

ಇದನ್ನು ಓದುವ ಉಳಿದವರಿಗೂ ಹೇಳುತ್ತೇನೆ. ಓಲಾಂಜಪೈನ್, ಕ್ಲೋಜಪೈನ್, ಥಿಯೋಫಿಲಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮೊದಲೇ ವೈದ್ಯರಿಗೆ ತಿಳಿಸಲೇಬೇಕು. ಇದೇ ಕಾರಣಕ್ಕೆ ಆ ಔಷಧಗಳ ಮಟ್ಟವೂ ರಕ್ತದಲ್ಲಿ ಏರುತ್ತದೆ, ಪ್ರಮಾಣ ಬದಲಿಸಬೇಕಾಗುತ್ತದೆ.

ಮನೆಯಲ್ಲಿ ಪುಟ್ಟ ಮಗು ಇದೆ ಎಂದಿರಿ. ದ್ರವದ ಬಾಟಲಿ, ತುಂಬಿದ ಪಾಡ್ ಎರಡೂ ಮಗುವಿನ ಕೈಗೆ ಎಟುಕದ ಎತ್ತರದಲ್ಲಿ, ಬೀಗ ಹಾಕಿ ಇಡಿ. ಹಣ್ಣಿನ ವಾಸನೆಯ ಆ ಸಣ್ಣ ಬಾಟಲಿ ಮಗುವಿಗೆ ವಿಷ.

ನಿಷ್ಠುರ (ಧಾರವಾಡ), 16 ಜೂನ್

ಎಲ್ಲರೂ ಕಳಕಳಿಯಿಂದ ಬರೆಯುತ್ತಿದ್ದೀರಿ, ಅದಕ್ಕೆ ಗೌರವವಿದೆ. ಆದರೂ ನನ್ನ ಮಾತು ಹೇಳದೆ ಇರಲಾರೆ. ಒಂದು ಬಲೆಯಿಂದ ಬಿಡಿಸಿಕೊಂಡವರನ್ನು ಇನ್ನೊಂದು ಬಲೆಗೆ ಒಗ್ಗಿಸುವ ಉಪಾಯಗಳನ್ನು ನೀವು ಹೇಳಿಕೊಡುತ್ತಿದ್ದೀರಿ. ಕರ್ನಾಟಕ ಸರ್ಕಾರ 2016ರಲ್ಲೇ ಇದನ್ನು ನಿಷೇಧಿಸಿತು. ಕೇಂದ್ರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿತು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಿಗರೇಟನ್ನೇ ಮುಟ್ಟದ ಹುಡುಗರ ಕೈಯಲ್ಲಿ, ಹುಡುಗಿಯರ ಕೈಯಲ್ಲಿ ಕಳ್ಳದಾರಿಯಿಂದ ಬಂದ ಈ ಬಣ್ಣದ ಕೊಳವೆಗಳನ್ನು ಕಂಡಿದ್ದೇನೆ. ಹೊಗೆ ಇಲ್ಲದ್ದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ನಿಕೋಟಿನ್‌ಗೆ ಗುಲಾಮನಾಗಿ ಉಳಿದವನು ಬಿಟ್ಟವನು ಹೇಗಾದಾನು?

ಮಳೆಯೂರು, 16 ಜೂನ್

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ತಿ ಸಮ್ಮತಿ. ಸಿಗರೇಟು ಸೇದದವನು ವೇಪ್ ಹಿಡಿದರೆ ಅದು ಬರೀ ನಷ್ಟ, ಲಾಭದ ಕಡೆ ಏನೂ ಇಲ್ಲ. ಇಲ್ಲಿಯ ಆರೋಗ್ಯ ಇಲಾಖೆಯೂ ಹೇಳುವುದು ಅದನ್ನೇ: ಸೇದುವವರು ಬದಲಾಗಿ, ಸೇದದವರು ಮುಟ್ಟಬೇಡಿ.

ಆದರೆ ದಿನಕ್ಕೆ ಹದಿನೆಂಟು ಸೇದುವವನ ಲೆಕ್ಕ ಬೇರೆ. ನಿಕೋಟಿನ್ ಹಿಡಿದಿಡುತ್ತದೆ, ಕೊಲ್ಲುವುದು ಬಹುಪಾಲು ಉರಿಯುವ ಎಲೆಯ ಟಾರು ಮತ್ತು ಕಾರ್ಬನ್ ಮೊನಾಕ್ಸೈಡ್. ಅವೆರಡೂ ಇದರಲ್ಲಿ ಇಲ್ಲ. 2019ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ ಬಂತು. ಬಿಡಬೇಕೆಂದು ಬಂದ 886 ಜನರಲ್ಲಿ ಅರ್ಧ ಮಂದಿಗೆ ಇ-ಸಿಗರೇಟು, ಅರ್ಧ ಮಂದಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್, ಜಗಿಯುವ ನಿಕೋಟಿನ್ ಗಮ್ ಮೊದಲಾದವು. ವರ್ಷದ ಕೊನೆಗೆ ಸಿಗರೇಟಿನಿಂದ ದೂರ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 18, ಎರಡನೆಯದರಲ್ಲಿ 9.9. ನಿಮ್ಮ ವಾದಕ್ಕೆ ಬಲ ಕೊಡುವ ಅಂಕಿಯೂ ಅದರಲ್ಲೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಾಗೆ ಗೆದ್ದವರಲ್ಲಿ ನೂರಕ್ಕೆ 80 ಮಂದಿ ವರ್ಷವಾದರೂ ವೇಪ್ ಬಿಟ್ಟಿರಲಿಲ್ಲ. ಗಮ್, ಪ್ಯಾಚ್ ಹಿಡಿದು ಗೆದ್ದವರಲ್ಲಿ ಇನ್ನೂ ಅದನ್ನೇ ಬಳಸುತ್ತಿದ್ದವರು ನೂರಕ್ಕೆ 9 ಮಂದಿ. ನಾನೂ ಆ ಎಂಬತ್ತರಲ್ಲಿ ಒಬ್ಬ. ಮೂರನೇ ವರ್ಷ ನಡೆಯುತ್ತಿದೆ, 20ರಿಂದ 5ಕ್ಕೆ ಬಂದಿದ್ದೇನೆ.

ನಿಷ್ಠುರ, 17 ಜೂನ್

ಅಂಕಿಯನ್ನು ಎರಡೂ ಕಡೆಯಿಂದ ಇಟ್ಟಿರಿ, ಅದು ನನಗೆ ಹಿಡಿಸಿತು. ಕಾನೂನಿನ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಆದರೆ ರೆಡಿಂಗ್‌ನ ಗೆಳೆಯರು ಮತ್ತೆ ಸಿಗರೇಟಿಗೆ ಹೋಗಬಾರದು ಎಂಬುದರಲ್ಲಿ ನಮ್ಮಿಬ್ಬರ ನಡುವೆ ಭೇದವಿಲ್ಲ.

ಮಲ್ಲೇಶ್ವರ18 (ಬೆಂಗಳೂರು), 18 ಜೂನ್

ಊರಿಗೆ ಬರುವ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ಮೊದಲನೆಯದಾಗಿ ಯಂತ್ರವನ್ನು ಅಲ್ಲೇ ಬಿಟ್ಟು ಬನ್ನಿ. 2019ರ ಕಾಯ್ದೆಯಲ್ಲಿ ಮಾರಾಟವಷ್ಟೇ ಅಲ್ಲ, ಆಮದು, ಸಾಗಣೆ ಎಲ್ಲವೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ‘ಸ್ವಂತಕ್ಕೆ ಒಂದೇ ಒಂದು’ ಎಂಬ ವಾದವನ್ನು ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಮುಂದೆ ನಿಂತು ಹೂಡುವ ಹಾಗಾಗಬಾರದು. ಇಲ್ಲಿ ಗುಟ್ಟಾಗಿ ಸಿಗುತ್ತದೆ ಎಂದು ಯಾರಾದರೂ ತೋರಿಸಿದರೂ ಬೇಡ. ಒಳಗೆ ಏನಿದೆ ಎಂದು ಪರೀಕ್ಷಿಸಿದವರು ಯಾರೂ ಇಲ್ಲ.

ಇಲ್ಲಿ ನಮಗೆ ವೇಪ್ ಎಂಬ ದಾರಿಯೇ ಇಲ್ಲ, ಆದರೂ ಬಿಡುವವರು ಬಿಡುತ್ತಿದ್ದೇವೆ. ನಾನು 2021ರಲ್ಲಿ ಬಿಟ್ಟೆ. ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ಸಂಖ್ಯೆಗೆ ಒಂದು ಸಂಜೆ ಸಿಟ್ಟಿನಲ್ಲಿ ಕರೆ ಮಾಡಿದ್ದು ಆರಂಭ. ಅದೇ ಪ್ಯಾಕಿನ ಕೊನೆಯ ಸಿಗರೇಟು ಆಗ ಕೈಯಲ್ಲಿತ್ತು. ಕನ್ನಡದಲ್ಲೇ ಮಾತನಾಡಿದರು. ಉಪದೇಶ ಮಾಡಲಿಲ್ಲ. ದಿನದ ಮೊದಲ ಸಿಗರೇಟು ಎದ್ದ ಎಷ್ಟು ನಿಮಿಷಕ್ಕೆ ಎಂದು ಕೇಳಿದರು. ಐದು ನಿಮಿಷಕ್ಕೆ ಎಂದೆ. ಬಿಡುವ ತಾರೀಕನ್ನು ನನ್ನ ಬಾಯಿಂದಲೇ ಹೇಳಿಸಿದರು, ಆ ತಾರೀಕಿಗೆ ಅವರೇ ಕರೆ ಮಾಡಿದರು.

ನಿಕೋಟಿನ್ ಗಮ್ 2 ಮಿ.ಗ್ರಾಂನದು ಇಲ್ಲಿ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಜನ ತಪ್ಪುವುದು ಅಗಿಯುವುದರಲ್ಲಿ. ಮಾಮೂಲಿ ಚೂಯಿಂಗ್ ಗಮ್ ಹಾಗೆ ಜಗಿದು ಎಂಜಲು ನುಂಗಿದರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ, ಎದೆಯುರಿ ಶುರುವಾಗುತ್ತದೆ, ‘ಇದು ನನಗಾಗದು’ ಎಂದು ಉಗುಳುತ್ತಾರೆ. ನಿಧಾನವಾಗಿ ಅಗಿಯಿರಿ, ನಾಲಿಗೆಗೆ ಖಾರ ತಾಗಿದ ಕೂಡಲೇ ನಿಲ್ಲಿಸಿ, ಕೆನ್ನೆಗೂ ವಸಡಿಗೂ ನಡುವೆ ಇರಿಸಿಕೊಳ್ಳಿ. ನಮ್ಮ ಅಜ್ಜಿ ಹೊಗೆಸೊಪ್ಪಿನ ಎಸಳನ್ನು ದವಡೆಯಲ್ಲಿ ಇಡುತ್ತಿದ್ದಳಲ್ಲ, ಅದೇ ಜಾಗ. ಖಾರ ಇಳಿದ ಮೇಲೆ ಮತ್ತೆ ನಾಲ್ಕು ಸಲ ಅಗಿಯಿರಿ. ಅರ್ಧ ಗಂಟೆ ಬರುತ್ತದೆ. ಕಾಫಿ, ಹಣ್ಣಿನ ರಸ ಕುಡಿದು ಹದಿನೈದು ನಿಮಿಷವಾದರೂ ಬಿಡಬೇಕು. ಬಾಯಲ್ಲಿ ಹುಳಿ ಇದ್ದರೆ ನಿಕೋಟಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಾನು ಮೊದಲ ತಿಂಗಳು ಕಾಫಿ ಜೊತೆಗೇ ಗಮ್ ಹಾಕಿಕೊಂಡು, ಕೆಲಸ ಮಾಡುತ್ತಿಲ್ಲವೆಂದು ಹತಾಶನಾಗಿದ್ದೆ.

ಮದುವೆ ಮನೆಯ ವಿಷಯಕ್ಕೆ ಒಂದು ಮಾತು. ಛತ್ರದ ಹಿಂದೆ ಗಂಡಸರು ಗುಂಪಾಗಿ ನಿಲ್ಲುವ ಜಾಗ ಒಂದಿರುತ್ತದೆ. ಅಲ್ಲಿಗೆ ನಿಮ್ಮ ಕಾಲು ತಾನಾಗಿ ಹೋಗುತ್ತದೆ. ಮೊದಲೇ ಒಂದು ಕೆಲಸ ಒಪ್ಪಿಕೊಂಡುಬಿಡಿ: ಊಟದ ಪಂಕ್ತಿಯಲ್ಲಿ ಬಡಿಸುವುದು, ಬಂದವರನ್ನು ಕೂರಿಸುವುದು, ಯಾವುದಾದರೂ ಸರಿ. ಕೈಯಲ್ಲಿ ಸಾಂಬಾರಿನ ಬಕೆಟ್ ಇದ್ದವನಿಗೆ ಯಾರೂ ಸಿಗರೇಟು ಚಾಚುವುದಿಲ್ಲ.

ದೂರದಕಡಲು (ಸಿಂಗಪುರ), 18 ಜೂನ್

ಇಲ್ಲಿಯೂ 2018ರಿಂದ ಜೊತೆಯಲ್ಲಿ ಇಟ್ಟುಕೊಂಡಿರುವುದೇ ಅಪರಾಧ. ಪ್ರಯಾಣ ಮಾಡುವವರು ಇಳಿಯುವ ದೇಶವನ್ನಷ್ಟೇ ಅಲ್ಲ, ನಡುವೆ ವಿಮಾನ ಬದಲಿಸುವ ದೇಶದ ಕಾನೂನನ್ನೂ ನೋಡಿಕೊಳ್ಳಿ.

ಸಂಜೆಮಲ್ಲಿಗೆ (ಬೆಂಗಳೂರು), 21 ಜೂನ್

ಈ ಚರ್ಚೆಯನ್ನು ಮೂರು ದಿನದಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬರಲಿಲ್ಲ. ನನ್ನ ಮಗನಿಗೆ ಹದಿನೇಳು. ಅವನ ಚೀಲದಲ್ಲಿ ಇಂಥದ್ದೊಂದು ಸಿಕ್ಕಿತು, ಹೈಲೈಟರ್ ಪೆನ್ನು ಅಂದುಕೊಂಡಿದ್ದೆ. ಅವನು ಸಿಗರೇಟು ಸೇದಿದವನಲ್ಲ. ‘ಇದರಲ್ಲಿ ಏನೂ ಇಲ್ಲಮ್ಮ, ಬರೀ ಹಬೆ’ ಎನ್ನುತ್ತಾನೆ. ಅವನ ತಂದೆಗೆ ಹೇಳಿದರೆ ಹೊಡೆದಾಟವೇ ಆಗುತ್ತದೆ. ನಾನು ಏನು ಮಾಡಲಿ?

ಔಷಧಾಲಯದಿಂದ, 21 ಜೂನ್

ಅಕ್ಕ, ಬರೆದಿದ್ದು ಒಳ್ಳೆಯದಾಯಿತು. ಬರೀ ಹಬೆ ಅಲ್ಲ ಎಂಬುದನ್ನು ಅವನಿಗೆ ತಿಳಿಸಿ ಹೇಳಿ. ಅದರ ಮೇಲೆ ಏನು ಅಚ್ಚಾಗಿದ್ದರೂ ಒಳಗಿನ ನಿಕೋಟಿನ್ ಎಷ್ಟೆಂದು ನಂಬಲು ಆಧಾರವಿಲ್ಲ. ಬೆಳೆಯುತ್ತಿರುವ ಮೆದುಳು ನಿಕೋಟಿನ್‌ಗೆ ಬೇಗ ಅಂಟಿಕೊಳ್ಳುತ್ತದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರವರಿ ಹೊತ್ತಿಗೆ 68 ಜನ ತೀರಿಕೊಂಡರು. ಅದಕ್ಕೆ ಮುಖ್ಯ ಕಾರಣವಾಗಿ ಕಂಡದ್ದು ಕಳ್ಳಸಂತೆಯ ಗಾಂಜಾ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಕಳ್ಳದಾರಿಯ ಸರಕಿನ ಅಪಾಯ ಅದು. ಆದರೆ ಇದನ್ನೆಲ್ಲ ಬೈಗುಳದ ಜೊತೆ ಹೇಳಬೇಡಿ. ಎದ್ದ ತಕ್ಷಣ ಬೇಕೆನಿಸುತ್ತದೆಯೇ, ತರಗತಿಯಲ್ಲಿ ಕೂರಲು ಆಗುತ್ತಿಲ್ಲವೇ ಎಂದು ಕೇಳಿ. ಹೌದು ಎಂದರೆ ಅವನಿಗೆ ಸಹಾಯ ಬೇಕು. ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ವಿಭಾಗವೇ ಇದೆ, ಮೇಲೆ ಹೇಳಿದ ಸಂಖ್ಯೆಗೂ ಕರೆ ಮಾಡಬಹುದು.

ಸಂಜೆಮಲ್ಲಿಗೆ, 29 ಜೂನ್

ಕೇಳಿದೆ. ಮಗ ಅತ್ತುಬಿಟ್ಟ. ಎದ್ದ ತಕ್ಷಣ ಬೇಕೆನಿಸುತ್ತದೆ ಎಂದ. ಬುಧವಾರ ಇಬ್ಬರೂ ಹೋಗುತ್ತಿದ್ದೇವೆ.

ಹೊಗೆಸೊಪ್ಪಿನೂರು, 12 ಜುಲೈ

ನಾಲ್ಕು ವಾರದ ವರದಿ. ಕಾಫಿ ಐದರಿಂದ ಎರಡಕ್ಕೆ ಇಳಿಯಿತು. ಮೂರನೇ ರಾತ್ರಿಯಿಂದ ನಿದ್ರೆ. ಕೈ ನಡುಕ ಹೋಯಿತು. ಇಷ್ಟು ಸರಳ ವಿಷಯವನ್ನು ನನಗೆ ಈವರೆಗೆ ಯಾರೂ ಹೇಳಿರಲಿಲ್ಲ, ಔಷಧಾಲಯದ ತಂಗಿಗೆ ಹೇಗೆ ಕೃತಜ್ಞತೆ ಹೇಳಲಿ ತಿಳಿಯದು.

ಪಾಡ್ ಈಗ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ. ಹಿತ್ತಿಲ ಬಾಗಿಲಲ್ಲಿ ನಿಂತು ಹನ್ನೆರಡು ಎಳೆತ. ಮೊದಲ ವಾರ ದಿನಕ್ಕೆ ಮೂವತ್ತು ಬಾರಿ ಎದ್ದು ಹೋಗಿದ್ದೆ, ಒಂದು ಚೀಟಿಯಲ್ಲಿ ಗೆರೆ ಎಳೆದು ಲೆಕ್ಕ ಇಟ್ಟಿದ್ದೇನೆ. ಈಗ ಹನ್ನೊಂದು. ಹನ್ನೆರಡನೆಯ ಎಳೆತದ ನಂತರ ಬೀಗ ಹಾಕುವಾಗ, ಸಿಗರೇಟಿನ ತುದಿಯನ್ನು ಕಾಲಲ್ಲಿ ಹೊಸಕುತ್ತಿದ್ದಾಗಿನ ಆ ‘ಆಯಿತು’ ಎಂಬ ಭಾವ ನಿಜವಾಗಿ ಬರುತ್ತದೆ. 15ರ ಮಿಶ್ರಣಕ್ಕೆ ಇಳಿದಿದ್ದೇನೆ. ಮಧ್ಯಾಹ್ನದ ಸಂಕಟ ಪೂರ್ತಿ ನಿಂತಿದೆ.

ಒಂದು ಬೇಸರದ ಸಂಗತಿಯನ್ನೂ ಹೇಳಬೇಕು. ಕಚೇರಿಯಲ್ಲಿ ಹಿಂದೆ ಜೊತೆಗೆ ಸೇದುತ್ತಿದ್ದ ನಾಲ್ವರು ಈಗ ನನ್ನನ್ನು ಕರೆಯುವುದಿಲ್ಲ. ಆ ಹತ್ತು ನಿಮಿಷದ ಮಾತುಕತೆ ನನಗೆ ಎಷ್ಟು ಬೇಕಿತ್ತು ಎಂದು ಈಗ ಗೊತ್ತಾಗುತ್ತಿದೆ. ಯಾವ ದ್ರವದಲ್ಲೂ ಅದು ಸಿಗುವುದಿಲ್ಲ.

ಮಳೆಯೂರು, 12 ಜುಲೈ

ಸಿಗುವುದಿಲ್ಲ. ನಾನು ಅದೇ ಹೊತ್ತಿಗೆ ಅಣ್ಣನಿಗೆ ಫೋನ್ ಮಾಡುವುದನ್ನು ಇಟ್ಟುಕೊಂಡೆ. ಅವನು ಬಂಟ್ವಾಳದಲ್ಲಿ ಸಂಜೆಯ ಚಹಾ ಕುಡಿಯುತ್ತಿರುತ್ತಾನೆ. ಮೂರು ವರ್ಷದಲ್ಲಿ ನಾವು ಹಿಂದೆಂದೂ ಇಲ್ಲದಷ್ಟು ಹತ್ತಿರವಾಗಿದ್ದೇವೆ.

ಔಷಧಾಲಯದಿಂದ, 13 ಜುಲೈ

ಊರಿಗೆ ಹೊರಡುವ ಎರಡು ವಾರ ಮೊದಲೇ ನಿಮ್ಮ ಸಲಹೆಗಾರರನ್ನು ಕಂಡು ಪ್ಯಾಚ್ ಮತ್ತು ಗಮ್ ಎರಡನ್ನೂ ಕೇಳಿ. ಒಂದು ದಿನವಿಡೀ ಸಮನಾಗಿ ಇಳಿಯುತ್ತದೆ, ಇನ್ನೊಂದು ಥಟ್ಟನೆ ಬರುವ ಹಪಹಪಿಗೆ. ಎರಡೂ ಸೇರಿದರೆ ಒಂದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ. ವಿಮಾನದ ಹತ್ತು ಗಂಟೆಗೂ ಅನುಕೂಲ. ಪ್ಯಾಚ್ ಹಚ್ಚುವ ಜಾಗವನ್ನು ದಿನವೂ ಬದಲಿಸಿ. ಊರಿನ ಬೆವರಿಗೆ ಕಿತ್ತು ಬರಬಹುದು, ಸ್ನಾನವಾಗಿ ಚರ್ಮ ಪೂರ್ತಿ ಒಣಗಿದ ಮೇಲೆ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ ಹಿಡಿಯಿರಿ.

ಹೊಗೆಸೊಪ್ಪಿನೂರು, 6 ಸೆಪ್ಟೆಂಬರ್

ಬಂದು ಹತ್ತು ದಿನವಾಯಿತು. ಬರೆಯಲು ತಡವಾದದ್ದಕ್ಕೆ ಕ್ಷಮೆ ಇರಲಿ.

ಪಾಡನ್ನು ಇಲ್ಲೇ ಬಿಟ್ಟು, ಹೆಂಡತಿಯ ಕೈಚೀಲದಲ್ಲಿ ಗಮ್, ನನ್ನ ತೋಳಿನ ಮೇಲೆ 14 ಮಿ.ಗ್ರಾಂನ ಪ್ಯಾಚ್ ಇಟ್ಟುಕೊಂಡು ಹೊರಟೆ. ಮೊದಲ ನಾಲ್ಕು ದಿನ ತುಂಬ ಕಷ್ಟವಾಯಿತು. ನಿಕೋಟಿನ್ ಕೊರತೆ ಅಲ್ಲ, ಕೈ ಖಾಲಿ ಎನಿಸುವ ಕಷ್ಟ. ಊಟವಾದ ಮೇಲೆ ಕೈ ತಾನಾಗಿ ಅಂಗಿಯ ಜೇಬಿಗೆ ಹೋಗಿ ಬರುತ್ತಿತ್ತು. ಮಲ್ಲೇಶ್ವರದ ಗೆಳೆಯರು ಹೇಳಿದಂತೆ ಬಡಿಸಲು ನಿಂತೆ. ಮದುವೆಯ ದಿನ ಏಳು ಪಂಕ್ತಿ ಬಡಿಸಿದೆ.

ಆದರೂ ಬೀಗರೂಟದ ರಾತ್ರಿ ಭಾವ ಒಂದು ಸಿಗರೇಟು ಹಚ್ಚಿ ಕೈಗೆ ಕೊಟ್ಟರು. ತೆಗೆದುಕೊಂಡೆ. ಇಲ್ಲಿ ಸುಳ್ಳು ಬರೆಯಲು ಮನಸ್ಸಿಲ್ಲ. ಎರಡು ಬಾರಿ ಎಳೆದೆ. ಗಂಟಲಿಗೆ ಬೂದಿ ಸುರಿದಂತಾಯಿತು, ತಲೆ ಗಿರ್ರೆಂದಿತು. ಅದನ್ನು ಭಾವನ ಕೈಗೇ ಕೊಟ್ಟು, ‘ಬೇಡ ಭಾವ, ನಾಲ್ಕು ತಿಂಗಳಾಯಿತು’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಆ ಗಮ್ ಒಂದು ಕೊಡು, ನೋಡೋಣ’ ಎಂದರು. ಆ ರಾತ್ರಿ ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು, ಕೆನ್ನೆಯಲ್ಲಿ ಗಮ್ ಇಟ್ಟುಕೊಂಡು ಒಂದು ಗಂಟೆ ಮಾತನಾಡಿದೆವು. ಅವರು ಇಷ್ಟು ಮಾತನಾಡಿದ್ದನ್ನು ನಾನು ಕಂಡಿರಲೇ ಇಲ್ಲ.

ಊರಿನಲ್ಲಿ ಈಗ ಹೊಗೆಸೊಪ್ಪು ಬೇಯಿಸುವ ಕಾಲ. ಬ್ಯಾರನ್‌ಗಳೆಲ್ಲ ಉರಿಯುತ್ತಿದ್ದವು, ಊರ ತುಂಬ ಹದವಾಗುತ್ತಿರುವ ಎಲೆಯ ಸಿಹಿ ವಾಸನೆ. ಇಪ್ಪತ್ತು ವರ್ಷ ಸೇದಿದ ಮೂಗಿಗೆ ಆ ವಾಸನೆ ಇಷ್ಟು ಸ್ಪಷ್ಟವಾಗಿ ಬಂದದ್ದು ಇದೇ ಮೊದಲು. ನಮ್ಮ ಮನೆಯ ಅಕ್ಕಿ, ನನ್ನ ಓದು, ಅಕ್ಕನ ಒಡವೆ ಎಲ್ಲವೂ ಆ ಎಲೆಯಿಂದ, ಹರಾಜು ಮಾರುಕಟ್ಟೆಯಿಂದ ಬಂದವು. ಅಮ್ಮನಿಗೆ ಈಗ ಎಪ್ಪತ್ತು. ಒದ್ದೆ ಎಲೆಯ ಸಂಕಟದ ಕಾರಣವನ್ನು ಅವಳಿಗೆ ಬಿಡಿಸಿ ಹೇಳಿದೆ. ‘ಹಾಗಾದರೆ ಅದು ನನ್ನ ಪಿತ್ತ ಅಲ್ಲವೇನೋ?’ ಎಂದು ಕೇಳಿದಳು. ಐವತ್ತು ವರ್ಷ ಅದನ್ನು ತನ್ನ ದೇಹದ ದೋಷ ಎಂದುಕೊಂಡಿದ್ದಳು. ಈಗ ಸೊಪ್ಪು ಮುರಿಯಲು ಬರುವ ಹೆಣ್ಣುಮಕ್ಕಳಿಗೆ ಕೈಗವಸು, ಪ್ಲಾಸ್ಟಿಕ್ ಹಾಳೆ ಕೊಡಿಸಿ, ತೇವ ಆರಿದ ಮೇಲೆ ಇಳಿಯಿರಿ ಎಂದು ತಮ್ಮನಿಗೆ ಹೇಳಿ ಬಂದಿದ್ದೇನೆ.

ಮರಳಿ ಬಂದ ಮೇಲೆ ಪಾಡನ್ನು ಇನ್ನೂ ಹೊರತೆಗೆದಿಲ್ಲ. ಗಮ್ ದಿನಕ್ಕೆ ಆರು. ಮೊನ್ನೆ ಊದಿದಾಗ 2 ಪಿಪಿಎಂ. ಪಾಡ್, ದ್ರವ, ಜೊತೆಗೆ ಜೂನ್‌ಗೆ ಮೊದಲಿನ ಏಳು ಖಾಲಿ ವೇಪ್, ಎಲ್ಲವನ್ನೂ ಕಸಕ್ಕೆ ಹಾಕಿಬಿಡಲೇ?

ಔಷಧಾಲಯದಿಂದ, 6 ಸೆಪ್ಟೆಂಬರ್

ನಿಮ್ಮ ಅಮ್ಮನ ಮಾತು ಓದಿ ಕಣ್ಣು ತುಂಬಿತು ಅಣ್ಣ.

ಪಾಡನ್ನು ಇನ್ನೂ ಎಸೆಯಬೇಡಿ. ಆ ಎರಡು ಎಳೆತ ಬಂದದ್ದು ಕೈಗೆ ಬೇರೆ ಏನೂ ಸಿಗದ ಹೊತ್ತಿನಲ್ಲಿ. ಇಲ್ಲಿ ಚಳಿಗಾಲ ಬರುತ್ತದೆ, ಕತ್ತಲು ನಾಲ್ಕಕ್ಕೇ ಇಳಿಯುತ್ತದೆ. ಅಂಥ ಒಂದು ಸಂಜೆ ಅಂಗಡಿಗೆ ಸಿಗರೇಟಿಗೆ ಹೋಗುವ ಬದಲು ಕಪಾಟು ತೆರೆಯುವುದು ಮೇಲು. ಹೊಸ ವರ್ಷದವರೆಗೆ ಇರಲಿ.

ಮಳೆಯೂರು, 7 ಸೆಪ್ಟೆಂಬರ್

ಖಾಲಿ ವೇಪ್‌ಗಳನ್ನು ಮನೆಯ ಕಸದ ತೊಟ್ಟಿಗೆ ಹಾಕಲೇಬೇಡಿ. ಒಳಗೆ ಲಿಥಿಯಂ ಬ್ಯಾಟರಿ ಇದೆ, ಕಸದ ಲಾರಿಯಲ್ಲಿ ಅದುಮಿದರೆ ಬೆಂಕಿ ಹತ್ತಬಹುದು. ವೇಪ್ ಮಾರುವ ಅಂಗಡಿಯವರು ಹಳೆಯದನ್ನು ವಾಪಸು ತೆಗೆದುಕೊಳ್ಳಬೇಕು, ಇಲ್ಲಿ ಕಾನೂನೇ ಹಾಗಿದೆ.

ಹೊಗೆಸೊಪ್ಪಿನೂರು, 7 ಸೆಪ್ಟೆಂಬರ್

ಸರಿ. ಪಾಡ್ ಕಪಾಟಿನಲ್ಲೇ ಇರುತ್ತದೆ, ಕೀಲಿಕೈ ಹೆಂಡತಿಯ ಬಳಿ. ಆ ಏಳನ್ನು ಒಂದು ಡಬ್ಬಿಗೆ ಹಾಕಿಟ್ಟಿದ್ದೇನೆ, ಶನಿವಾರ ಅಂಗಡಿಗೆ ಕೊಟ್ಟು ಬರುತ್ತೇನೆ. ಭಾವ ನಿನ್ನೆ ಫೋನ್ ಮಾಡಿದ್ದರು. ಪಿರಿಯಾಪಟ್ಟಣದ ಔಷಧಿ ಅಂಗಡಿಯಲ್ಲಿ ಗಮ್ ಮುಗಿದಿದೆಯಂತೆ, ಹುಣಸೂರಿನಿಂದ ತರಿಸಿಕೊಂಡರಂತೆ.